ಗೋಡೆಯಾಚೆಯ ಇದ್ದಿಲು

ಪಾಲಾಕ್ಷನ ಕಿಡ್ನಿಗಳು ಕೆಲಸ ನಿಲ್ಲಿಸಿದ ಮೇಲೆ ಇದ್ದಿಲು ಸುಡುವ ಕೆಲಸ ಅವನ ಹೆಂಡತಿ ನೀಲಾಂಬಿಕೆಯ ಕೈಗೆ ಬಂತು. ಮದುವೆಯಾಗಿ ಬಂದಾಗಿನಿಂದ ಅವಳು ಬೈದುಕೊಂಡು ಬಂದದ್ದು ಆ ಕೆಲಸವನ್ನೇ.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸು ನಿಲ್ಲುವಂಥ ಊರು ಅವರದು. ಸುತ್ತ ತೆಂಗಿನ ತೋಟಗಳು. ಕೊಬ್ಬರಿ ಮಾಡುವ ಮನೆಗಳಲ್ಲಿ ಉಳಿಯುವ ಚಿಪ್ಪನ್ನು ಪಾಲಾಕ್ಷ ತಂದು ತನ್ನ ತೋಟದ ಮೂಲೆಯ ಗುಂಡಿಯಲ್ಲಿ ಸುಡುತ್ತಿದ್ದ. ಇಟ್ಟಿಗೆ ಕಟ್ಟಿದ ಗುಂಡಿ, ಅದರ ಬಾಯಿಗೆ ಹಳೇ ತಗಡಿನ ಮುಚ್ಚಳ. ಬೆಂಕಿ ಹಚ್ಚಿದ ಹೊತ್ತಿಗೆ ಗಾಳಿ ಊರಿನ ಕಡೆ ತಿರುಗಿತೋ, ಒಣಹಾಕಿದ ಬಟ್ಟೆಗಳನ್ನೆಲ್ಲ ಹೆಂಗಸರು ಗೊಣಗುತ್ತ ಒಳಗೆ ತೆಗೆದುಕೊಳ್ಳುತ್ತಿದ್ದರು. ಆ ಗೊಣಗಾಟ ಕೊನೆಗೆ ಬಂದು ಮುಟ್ಟುತ್ತಿದ್ದದ್ದು ನೀಲಾಂಬಿಕೆಯ ಕಿವಿಗೆ. ಅವಳ ತವರಿನವರು ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಬಿಳಿ ಪಂಚೆಯ ಥಾನುಗಳ ನಡುವೆ ಬೆಳೆದವಳಿಗೆ ಗಂಡನ ಅಂಗೈಯ ಗೆರೆಗಳಲ್ಲಿ ಕೂತ ಕರಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ ಎಂಬುದು ಮದುವೆಯಾದ ವಾರದಲ್ಲೇ ತಿಳಿದಿತ್ತು. ನೆಂಟರ ಮನೆಯ ಊಟಕ್ಕೆ ಹೋದಾಗ ಪಾಲಾಕ್ಷ ಎಲೆಯ ಮುಂದೆ ಕೂತು ಕೈಯನ್ನು ಶಲ್ಯದೊಳಗೆ ಇಟ್ಟುಕೊಳ್ಳುತ್ತಿದ್ದ. ಬಡಿಸುವವರು ಮುಂದೆ ಹೋದ ಮೇಲೆ ಹೊರತೆಗೆಯುತ್ತಿದ್ದ. ಅವಳು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಐವತ್ತೇಳನೆಯ ವಯಸ್ಸಿನಲ್ಲಿ ಅವನ ಕಾಲು ಊದಿಕೊಳ್ಳಲು ಶುರುವಾಯಿತು. ಬಿ.ಪಿ. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದ ಮನುಷ್ಯ. ಹಾಸನದ ಡಾಕ್ಟರು ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದಿಟ್ಟು, "ಇನ್ನು ಡಯಾಲಿಸಿಸ್ ಮಾಡಿಸಲೇಬೇಕು" ಅಂದರು. ಅಲ್ಲಿ ಇಲ್ಲಿ ವಿಚಾರಿಸಿದ ಮೇಲೆ ಹೊಳೆನರಸೀಪುರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಕೇಂದ್ರದಲ್ಲಿ ಜಾಗ ಸಿಕ್ಕಿತು. ಸೋಮವಾರ ಒಂದು ಸಲ, ಗುರುವಾರ ಒಂದು ಸಲ. ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿ, ಸೂಜಿ ಚುಚ್ಚಲು ಅನುಕೂಲವಾಗುವಂತೆ ಚಿಕ್ಕ ಆಪರೇಷನ್ ಮಾಡಿದರು. ಆ ಕೈಯಲ್ಲಿ ಇನ್ನು ಭಾರ ಎತ್ತುವ ಹಾಗಿಲ್ಲ. ನೀರು ಅಳೆದು ಕುಡಿಯಬೇಕು. ಬಾಳೆಹಣ್ಣು ಬೇಡ, ಎಳನೀರಂತೂ ಬೇಡವೇ ಬೇಡ. ಅದರಲ್ಲಿರುವ ಪೊಟ್ಯಾಸಿಯಂ ಮೈಯಲ್ಲಿ ನಿಂತುಬಿಟ್ಟರೆ ಹೃದಯವೇ ನಿಂತೀತು. ತೆಂಗಿನ ಮರಗಳ ಕೆಳಗೆ ಹುಟ್ಟಿ ಬೆಳೆದವನು ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡ.

ಗುಂಡಿಯ ಕೆಲಸ ನಿಲ್ಲಿಸೋಣ ಎಂದು ಅವನೇ ಹೇಳಿದ. ನೀಲಾಂಬಿಕೆ ಒಪ್ಪಲಿಲ್ಲ.

"ತಂದು ರಾಶಿ ಆಕಿರೋ ಚಿಪ್ಪು ಏನ್ಮಾಡದು? ನಾನೇ ಸುಡ್ತೀನಿ. ನೀವು ಕುಂತ್ಕಂಡು ಯೇಳಿ."

"ನಿಂಗೆ ಒಗೆ ಆಗಕ್ಕಿಲ್ವಲ್ಲೇ."

"ಆಗ್ದಿದ್ರೆ ಆಗ್ದೆ ಇರ್ಲಿ."

ಮೊದಲ ಸಲ ಅವಳು ಮುಚ್ಚಳ ಹಾಕುವುದು ತಡವಾಗಿ ಅರ್ಧ ಗುಂಡಿ ಬೂದಿಯಾಯಿತು. ಪಾಲಾಕ್ಷ ಬೈಯಲಿಲ್ಲ. ಮುಂದಿನ ಸಲ ಗಾಳಿಗೆ ಎದುರಾಗಿ ಕಲ್ಲಿನ ಮೇಲೆ ಕೂತು, "ಒಗೆ ಬೆಳ್ಳಗಿರೋವರ್ಗೂ ತಡಿ. ಅದು ತೆಳ್ಳಗಾಗಿ ನೀಲಿಗೆ ತಿರುಗ್ತದೆ, ಆಗ ಮುಚ್ಚು. ಮಣ್ಣು ಮೆತ್ತು. ಒಂಚೂರೂ ಗಾಳಿ ಓಗ್ಬಾರ್ದು. ಬೂದಿ ಆಗಕ್ಕೆ ಮುಂಚೆ ಉಸುರು ಕಟ್ಟಿಸ್ಬೇಕು ಕಣೆ, ಅಷ್ಟೇ ಈ ಕೆಲ್ಸ" ಎಂದ. ಅವಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಅವನು ಹೇಳಿದಂತೆ ಮಾಡಿದಳು. ಮಾರನೆಯ ದಿನ ಮುಚ್ಚಳ ತೆಗೆದಾಗ ಒಳಗೆ ಚಿಪ್ಪಿನ ಆಕಾರ ಕೆಡದೆ, ಉಗುರಿನಿಂದ ತಟ್ಟಿದರೆ ಗಾಜಿನಂತೆ ಕಿಣಿಕಿಣಿ ಅನ್ನುವ ಇದ್ದಿಲು. ಅವಳಿಗೆ ತಿಳಿಯದೆ ನಗು ಬಂತು.

ಮೊದಮೊದಲು ಹೀಗೆ ಹೇಳಿಕೊಡುತ್ತಿದ್ದವನು ಬರಬರುತ್ತ ಸುಮ್ಮನಾದ. ಡಯಾಲಿಸಿಸ್ ಮುಗಿಸಿ ಬಂದ ದಿನ ಸುಸ್ತಾಗಿ ಮಲಗುತ್ತಿದ್ದ, ಮರುದಿನ ಗೋಡೆಗೆ ಒರಗಿ ಕೂರುತ್ತಿದ್ದ. ಅರಕಲಗೂಡಿನಲ್ಲಿ ಸಂಸಾರ ಮಾಡಿಕೊಂಡಿದ್ದ ಮಗಳು ಪ್ರೇಕ್ಷಾ ದಿನಾ ಫೋನ್ ಮಾಡುತ್ತಿದ್ದಳು. ಅವಳೊಡನೆಯೂ "ಊಂ", "ಸರಿ" ಬಿಟ್ಟರೆ ಮಾತಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ಮುಖ ಎತ್ತದೆ ಹೇಳಿದ:

"ಸಾಕು ಕಣೆ ನೀಲಾ."

"ಇನ್ನೊಂದ್ ಚೂರು ಅನ್ನ ಉಣ್ಣಿ."

"ಅನ್ನ ಅಲ್ಲ. ಅಲ್ಲಿಗೆ ಓಗದು ಸಾಕು. ನನ್ನ ರಕ್ತ ನಾನು ತೊಳ್ಕಳಕ್ಕಾಗ್ದೆ ಮಿಶನ್ನಿಗೆ ಒಡ್ಡೋದು. ನೀನು ಒಗೇಲಿ ಬೇಯೋದು. ಯಾಕ್ಬೇಕು?"

ನೀಲಾಂಬಿಕೆ ಎದ್ದು ಹೋಗಿ ಪಾತ್ರೆ ತೊಳೆಯುವ ಕಲ್ಲಿನ ಬಳಿ ನಿಂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಅದಾದ ಮೇಲಿನ ಭಾನುವಾರ ಅವಳು ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಸಂಜೆ ಬಂದಳು. ಹಿತ್ತಲಿಗೆ ಹೋದಾಗ ಬಚ್ಚಲ ಹಿಂದೆ, ಒಣಗರಿಯ ಕೆಳಗೆ, ಎರಡು ಎಳನೀರು ಬುರುಡೆ ಕಂಡವು. ಕೆತ್ತಿದ ಬಾಯಿ ಇನ್ನೂ ಹಸಿಯಾಗಿತ್ತು. ಒಳಗೆ ಬಂದು ಗಂಡನ ಮುಂದೆ ನಿಂತಳು.

"ಕುಡುದ್ರಾ?"

ಪಾಲಾಕ್ಷ ತಲೆಯಾಡಿಸಿದ.

"ಎರಡೂ?"

"ಬಾಯಾರಿತ್ತು ಕಣೆ," ಎಂದ ಮೆಲ್ಲಗೆ. "ಏಟ್ ದಿನಾಗಿತ್ತು."

ಅವಳಿಗೆ ಸಿಟ್ಟಿಗಿಂತ ಮೊದಲು ಅಳು ಬಂತು. ಅವನು ಬಾಯಾರಿ ಕುಡಿದನೋ, ಸಾಕೆಂದು ಕುಡಿದನೋ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಈಗಲೇ ಗಾಡಿ ಮಾಡಿಕೊಂಡು ಹಾಸನಕ್ಕೆ ಹೋಗೋಣ ಅಂದಳು. ನನಗೇನೂ ಆಗಿಲ್ಲ, ನಾಳೆ ಹೇಗೂ ಸೋಮವಾರ ಎಂದು ಅವನು ಮಲಗಿಬಿಟ್ಟ. ಬೆಳಿಗ್ಗೆ ಎದ್ದಾಗ ಅವನ ಕಾಲುಗಳು ಮಾತು ಕೇಳುತ್ತಿರಲಿಲ್ಲ. ಹೊಸಲು ದಾಟಲು ಅವಳ ಹೆಗಲು ಹಿಡಿದ. ಮೊದಲನೆಯ ಬಸ್ಸಿಗೆ ಕೈ ಅಡ್ಡ ಹಿಡಿದು, ಅವನನ್ನು ಹತ್ತಿಸಿ, ಪಕ್ಕದಲ್ಲಿ ಕೂತು ಅವನ ಮಣಿಕಟ್ಟನ್ನು ಹೊಳೆನರಸೀಪುರದವರೆಗೂ ಹಿಡಿದುಕೊಂಡೇ ಇದ್ದಳು. ಎಳನೀರಿನ ವಿಷಯ ಆಸ್ಪತ್ರೆಯಲ್ಲಿ ಹೇಳಬೇಡ, ಮರ್ಯಾದೆ ಹೋಗುತ್ತೆ ಎಂದು ದಾರಿಯಲ್ಲಿ ಅವನು ಎರಡು ಸಲ ಹೇಳಿದ. ಬೇಗ ಮಿಶನ್ನಿಗೆ ಹಾಕಿದರೆ ಎಲ್ಲ ಸರಿಹೋಗುತ್ತೆ, ಹೇಳುವ ಅಗತ್ಯವೇನಿದೆ ಎಂದು ಅವಳೂ ಅಂದುಕೊಂಡಳು.

ಕೇಂದ್ರದಲ್ಲಿ ಅಂದು ಎಂದಿನಂತಿರಲಿಲ್ಲ. ಹಾಸಿಗೆಗಳು ಖಾಲಿ. ರೋಗಿಗಳೆಲ್ಲ ಹೊರಗಿನ ಬೆಂಚುಗಳ ಮೇಲೆ ಕೂತಿದ್ದರು. ಗೊರೂರಿನಿಂದ ಬರುವ ಕೃಷ್ಣಪ್ಪ, ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತನಾದವನು, ವಾಚು ನೋಡಿಕೊಳ್ಳುತ್ತ, "ಇವತ್ತು ಮಿಶನ್ ಆನ್ ಮಾಡಕ್ಕಿಲ್ವಂತೆ" ಎಂದ.

"ಯಾಕಂತೆ?"

"ನೀರು ಸರಿ ಇಲ್ವಂತೆ. ಆ ಉಡುಗಿ ಅಟ ಇಡ್ಕಂಡು ನಿಂತವ್ಳೆ."

ಆ ಹುಡುಗಿ ಎಂದರೆ ಟೆಕ್ನಿಷಿಯನ್ ಧನ್ಯಾ. ಅರಕಲಗೂಡಿನ ಕಡೆಯವಳು, ಡಯಾಲಿಸಿಸ್ ಕೋರ್ಸು ಮುಗಿಸಿ ಇಲ್ಲಿಗೆ ಸೇರಿ ಮೂರು ವರ್ಷವಾಗಿತ್ತು. ಮಿಶನ್‌ಗಳಿಗೆ ಹೋಗುವ ನೀರನ್ನು ದಿನಾ ಬೆಳಿಗ್ಗೆ ಅವಳೇ ಪರೀಕ್ಷೆ ಮಾಡುತ್ತಿದ್ದಳು. ಪುಟ್ಟ ಗಾಜಿನ ಕೊಳವೆಗೆ ನೀರು ಹಿಡಿದು, ಒಂದು ಮಾತ್ರೆ ಹಾಕಿ ಅಲುಗಾಡಿಸುವುದು. ನೀರು ತಿಳಿಯಾಗೇ ಉಳಿದರೆ ಸರಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಅಂದು ಬೆಳಿಗ್ಗೆ ಅದು ತಿರುಗಿತ್ತು. ಬಣ್ಣ ತುಂಬ ತೆಳು, ಬಿಳಿ ಹಾಳೆಯ ಮುಂದೆ ಹಿಡಿದರೆ ಮಾತ್ರ ಕಾಣುವಷ್ಟು. ಅವಳು ಕೊಳವೆ ತೊಳೆದು ಮತ್ತೆ ನೋಡಿದಳು. ಬೇರೆ ಡಬ್ಬಿಯ ಮಾತ್ರೆ ಹಾಕಿ ನೋಡಿದಳು. ಬಣ್ಣ ಹೋಗಲಿಲ್ಲ. ಅವಳು ಮಿಶನ್‌ಗಳ ಸ್ವಿಚ್ಚು ಮುಟ್ಟದೆ ಹೊರಗೆ ಬಂದು, ಕೇಂದ್ರ ನೋಡಿಕೊಳ್ಳುವ, ಆಗ ಹಾಸನದಲ್ಲಿದ್ದ ಡಾಕ್ಟರ್ ಮೋಹನ್‌ಕುಮಾರ್ ಅವರಿಗೆ ಫೋನ್ ಮಾಡಿದ್ದಳು. ಅವರು ಕೇಳಿದ ಕೂಡಲೇ, "ಸರಿಯಾಗಿ ಮಾಡಿದೆ, ಯಾರಿಗೂ ಶುರು ಮಾಡಬೇಡ, ನಾನು ಹೊರಟೆ" ಎಂದಿದ್ದರು.

ನೀಲಾಂಬಿಕೆಗೆ ಇದೊಂದೂ ಗೊತ್ತಿರಲಿಲ್ಲ. ಗಂಡನನ್ನು ಬೆಂಚಿನ ಮೇಲೆ ಕೂರಿಸಿ ನೇರವಾಗಿ ಧನ್ಯಾಳ ಬಳಿಗೆ ಹೋದಳು.

"ನೋಡವ್ವ, ನಮ್ಮೋರ್ದು ಮೊದ್ಲು ಆಕ್ಬುಡು. ಮಿಕ್ಕೋರ್ದು ಆಮೇಲೆ ಮಾಡ್ಕೊ."

"ಯಾರಿಗೂ ಆಗಲ್ಲ ಅಮ್ಮ. ನೀರಲ್ಲಿ ಕ್ಲೋರಿನ್ ಬರ್ತಾ ಇದೆ. ಹಾಸನದಿಂದ ಸಾಮಾನು ಬರ್ಬೇಕು, ಟ್ಯಾಂಕಿಗೆ ತುಂಬಿಸ್ಬೇಕು. ಮಧ್ಯಾಹ್ನ ಆಗುತ್ತೆ."

"ಮಧ್ಯಾನ್ನ!" ನೀಲಾಂಬಿಕೆಯ ಧ್ವನಿ ಏರಿತು. "ಕ್ಲೋರಿನ್ನಂತೆ! ಊರೋರೆಲ್ಲ ಅದೇ ನೀರು ಕುಡೀತಾವ್ರಲ್ಲ, ಯಾರು ಸತ್ತವ್ರೆ? ಅಲ್ಲಿ ನಮ್ಮ ಯಜಮಾನ್ರು ಕಾಲು ಎತ್ತಿ ಇಡಕ್ಕಾಗ್ದೆ ಕುಂತವ್ರೆ, ನೀನು ನೀರಿನ ಬಣ್ಣ ನೋಡ್ತಾ ನಿಂತಿದ್ದೀಯಲ್ಲ! ನಿನ್ನಪ್ಪ ಆಗಿದ್ರೆ ಇಂಗೇ ಕೂರಿಸ್ತಿದ್ದಾ?"

ಎಲ್ಲರೂ ತಿರುಗಿ ನೋಡಿದರು. ಧನ್ಯಾಳ ಮುಖ ಕೆಂಪಾಯಿತು. ಆದರೆ ಅವಳ ಕಿವಿ ಹಿಡಿದದ್ದು ಬೈಗುಳವನ್ನಲ್ಲ.

"ಕಾಲು ಎತ್ತೋಕೆ ಆಗ್ತಿಲ್ವಾ?" ಎಂದು ಕೇಳಿದಳು. "ಯಾವಾಗಿಂದ?"

ನೀಲಾಂಬಿಕೆ ತಡವರಿಸಿದಳು. ಗಂಡನ ಕಡೆ ನೋಡಿದಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

"ಎಳನೀರು ಕುಡುದ್ಬುಟ್ಟವ್ರೆ," ಎಂದಳು. ಸಿಟ್ಟೆಲ್ಲ ಇಳಿದಿತ್ತು. "ನೆನ್ನೆ. ಎರಡು."

ಆಮೇಲೆ ನಡೆದದ್ದೆಲ್ಲ ಬೇಗ ಬೇಗ. ಧನ್ಯಾ ಕೂಗಿದ ಕೂಡಲೇ ನರ್ಸ್ ನಾಗಲಕ್ಷ್ಮಿ ಓಡಿಬಂದಳು. ಪಾಲಾಕ್ಷನನ್ನು ಒಳಗೆ ಮಲಗಿಸಿ ಎದೆಗೆ ಇ.ಸಿ.ಜಿ. ತಂತಿ ಅಂಟಿಸಿದರು. ಅಷ್ಟರಲ್ಲಿ ಡಾಕ್ಟರೂ ಬಂದರು. ಕಾಗದದ ಮೇಲಿನ ಗೆರೆ ನೋಡಿ ಅವರು ಒಂದರ ಹಿಂದೆ ಒಂದು ಇಂಜೆಕ್ಷನ್ ಹೇಳಿದರು. ಹಾಸನದ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದರೆ ಅಲ್ಲೂ ಮಿಶನ್ ಖಾಲಿಯಾಗುವುದು ಮಧ್ಯಾಹ್ನದ ಮೇಲೇ. ಆಂಬುಲೆನ್ಸನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು.

"ಇಂಜೆಕ್ಷನ್ನು ಸ್ವಲ್ಪ ಹೊತ್ತು ಹೃದಯ ಕಾಪಾಡುತ್ತೆ ಅಮ್ಮ," ಎಂದು ಡಾಕ್ಟರು ನೀಲಾಂಬಿಕೆಗೆ ಹೇಳಿದರು. "ಇಲ್ಲಿಯ ನೀರು ಸರಿಹೋದ ತಕ್ಷಣ ಇವರಿಗೇ ಮೊದಲು. ಇ.ಸಿ.ಜಿ. ಕೆಡೋ ಹಾಗೆ ಕಂಡ್ರೆ ಕಾಯೋದಿಲ್ಲ, ಹಾಸನಕ್ಕೆ ಹೊರಟುಬಿಡೋಣ. ನೀವು ಎಳನೀರಿನ ವಿಷಯ ಹೇಳಿದ್ದು ಒಳ್ಳೆಯದಾಯ್ತು."

ಕಾಯುವುದಷ್ಟೇ ಉಳಿಯಿತು. ಮಾನಿಟರು ಟಿಕ್ ಟಿಕ್ ಅನ್ನುತ್ತಿತ್ತು. ನೀಲಾಂಬಿಕೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಹಾಸನದ ವ್ಯಾನು ಎಲ್ಲಿಗೆ ಬಂತೆಂದು ಫೋನಿನಲ್ಲಿ ಕೇಳಿಕೊಂಡು ಬಂದ ಧನ್ಯಾ ಹಾಸಿಗೆಯ ಕಾಲ ಬಳಿ ನಿಂತಳು. ಅವಳನ್ನು ನೋಡಲು ನೀಲಾಂಬಿಕೆಗೆ ಮುಖವಿರಲಿಲ್ಲ.

"ಬಾಯಿಗ್ ಬಂದಂಗೆ ಅಂದ್ಬುಟ್ಟೆ ಕಣವ್ವ."

"ಪರವಾಗಿಲ್ಲ ಅಮ್ಮ. ನಮ್ಮಮ್ಮ ಆಗಿದ್ರೆ ಇನ್ನೂ ಜೋರಾಗಿ ಅಂತಿದ್ರು."

ಸ್ವಲ್ಪ ಹೊತ್ತು ಬಿಟ್ಟು ನೀಲಾಂಬಿಕೆ ಮತ್ತೆ ಕೇಳಿದಳು, ಈ ಸಲ ನಿಜವಾಗಿ ತಿಳಿದುಕೊಳ್ಳಲು: "ಅಲ್ಲವ್ವ, ಕುಡ್ಯೋ ನೀರು ತಾನೆ ಅದು? ಅದ್ರಲ್ಲಿ ಏನಾಗ್ತದೆ?"

ಧನ್ಯಾ ಮಿಶನ್ನಿಗೆ ಸಿಕ್ಕಿಸುವ, ಒಳಗೆಲ್ಲ ಬಿಳಿ ಎಳೆಗಳು ತುಂಬಿದ ಪಾರದರ್ಶಕ ಕೊಳವೆಯೊಂದನ್ನು ತೋರಿಸಿದಳು. "ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತೆ ಅಮ್ಮ. ಅಲ್ಲಿ ಕ್ಲೋರಿನ್ನಿಂದ ಏನೂ ಆಗಲ್ಲ. ಇಲ್ಲಿ ಹಾಗಲ್ಲ. ಈ ಎಳೆಗಳ ಒಳಗೆ ಅಪ್ಪಾಜಿ ರಕ್ತ ಹರಿಯುತ್ತೆ, ಹೊರಗಡೆ ನಮ್ಮ ನೀರು. ಮಧ್ಯೆ ಒಂದು ತೆಳು ಪೊರೆ ಅಷ್ಟೆ. ನೀರಲ್ಲಿ ಕ್ಲೋರಿನ್ ಇದ್ರೆ ಪೊರೆ ದಾಟಿ ರಕ್ತಕ್ಕೇ ಹೋಗಿ, ರಕ್ತದ ಕಣಗಳನ್ನ ಒಡೆದುಹಾಕುತ್ತೆ. ಊರಿನ ಪೈಪ್ ಒಡೆದು ನಲ್ಲಿ ನೀರು ನಿಂತಿತ್ತಲ್ಲ, ಎರಡು ವಾರದಿಂದ ಟ್ಯಾಂಕರ್ ನೀರು ತರಿಸ್ತಾ ಇದೀವಿ. ಅದಕ್ಕೆ ಬ್ಲೀಚಿಂಗ್ ಜಾಸ್ತಿ. ನಮ್ಮ ಟ್ಯಾಂಕಲ್ಲಿರೋ ಕಾರ್ಬನ್ನು ಅಷ್ಟನ್ನೂ ತಡೆದೂ ತಡೆದೂ ಸೋತುಹೋಗಿದೆ."

"ಕಾರ್ಬನ್ ಅಂದ್ರೆ?"

"ಇದ್ದಿಲು ಅಮ್ಮ."

ಹಾಸಿಗೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಪಾಲಾಕ್ಷ ಕಣ್ಣು ತೆರೆದ.

"ಏನಂದ್ರಿ?"

"ಇದ್ದಿಲು ಅಪ್ಪಾಜಿ. ಈ ಗೋಡೆ ಆಚೆ ಎರಡು ದೊಡ್ಡ ಟ್ಯಾಂಕ್ ಇದೆಯಲ್ಲ, ಅದರ ತುಂಬ ಇದ್ದಿಲೇ. ನೀರು ಮೊದಲು ಅದರೊಳಗಿಂದ ಹಾದು ಬರುತ್ತೆ. ಕ್ಲೋರಿನ್ ಎಲ್ಲ ಅಲ್ಲೇ ಮುಗಿದುಹೋಗುತ್ತೆ."

"ಯಾತರ ಇದ್ಲು? ಮರದ್ದಾ?"

"ತೆಂಗಿನ ಚಿಪ್ಪಿಂದು. ಅದೇ ಒಳ್ಳೇದಂತೆ."

ಪಾಲಾಕ್ಷನ ಕಣ್ಣು ಹೆಂಡತಿಯನ್ನು ಹುಡುಕಿತು. ನೀಲಾಂಬಿಕೆ ಬಾಯಿ ತೆರೆದುಕೊಂಡು ಧನ್ಯಾಳನ್ನೇ ನೋಡುತ್ತಿದ್ದಳು.

"ನಾವು ಸುಡೋದು ಅದೇ ಕಣವ್ವ," ಎಂದಳು. "ನಲವತ್ತು ವರ್ಸದಿಂದ ಇವ್ರು ಅದನ್ನೇ ಸುಡ್ತಿದ್ದದ್ದು. ಈಗ ನಾನು ಸುಡ್ತೀನಿ."

ಈ ಸಲ ಬೆರಗಾಗುವ ಸರದಿ ಧನ್ಯಾಳದು. ಇಷ್ಟು ದಿನ ವಾರಕ್ಕೆ ಎರಡು ಸಲ ಈ ಮನುಷ್ಯನ ಕೈಗೆ ಸೂಜಿ ಚುಚ್ಚಿದ್ದಳು. ಅವನೇನು ಕೆಲಸ ಮಾಡುತ್ತಿದ್ದ ಎಂದು ಕೇಳಿದ್ದಾಗ, "ತ್ವಾಟ ಅದೆ" ಎಂದಷ್ಟೇ ಹೇಳಿದ್ದ.

"ಅದನ್ನ ಯಾಪಾರಿ ತಗಂಡೋಯ್ತಾನೆ," ಪಾಲಾಕ್ಷ ನಿಧಾನವಾಗಿ ಹೇಳಿದ. "ಯಾವುದೋ ಪ್ಯಾಕ್ಟ್ರೀಗೆ ಅಂತಿದ್ದ. ಅಲ್ಲೇನ್ ಮಾಡ್ತಾರೆ ಅಂತ ನಾನು ಕೇಳಿಲ್ಲ, ಅವನೂ ಯೇಳಿಲ್ಲ. ಒಲೆಗೋ, ಅಕ್ಕಸಾಲ್ರಿಗೋ ಅನ್ಕಂಡಿದ್ದೆ."

"ಅಲ್ಲಿ ಅದನ್ನ ಪುಡಿ ಮಾಡಿ, ಇನ್ನೊಂದ್ಸಲ ಕೆಂಪಗೆ ಕಾಯಿಸಿ, ಹಬೆ ಹಾಯಿಸ್ತಾರೆ ಅಪ್ಪಾಜಿ. ಆಗ ಒಳಗೆ ಸಣ್ಣ ಸಣ್ಣ ತೂತು ಬೀಳುತ್ತೆ, ಕಣ್ಣಿಗೆ ಕಾಣಲ್ಲ. ಒಂದು ಹಿಡಿ ಇದ್ದಿಲ ಒಳಗಿನ ಮೈಯನ್ನೆಲ್ಲ ಬಿಡಿಸಿ ಹಾಸಿದ್ರೆ ಹತ್ತು ಎಕರೆ ಹೊಲವೂ ಸಾಲಲ್ಲ ಅಂತ ಕಾಲೇಜಲ್ಲಿ ನಮ್ಮ ಸರ್ ಹೇಳ್ತಿದ್ರು. ನೀರು ಅಷ್ಟೂ ಜಾಗ ಸವರಿಕೊಂಡು ಬರುತ್ತೆ."

"ನಾನು ಕುಂತಾಗೆಲ್ಲ ಈ ಗ್ವಾಡೆ ಒಳಗೆ ನೀರು ಅರ್‍ಯೋ ಸದ್ದು ಕೇಳ್ತಿತ್ತು," ಎಂದ ಪಾಲಾಕ್ಷ. "ಆ ಇದ್ಲು ನಮ್ ಗುಂಡೀದೇ ಇರಬೈದಾ?" ಎಂದು ಕೇಳಿದ. ಕೇಳಿದ ಮೇಲೆ ನಾಚಿಕೊಂಡ.

ಧನ್ಯಾ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಅಪ್ಪಾಜಿ. ಎಲ್ಲೆಲ್ಲಿಂದಲೋ ಬರುತ್ತೆ. ಇರಬಹುದು, ಇಲ್ಲದೇನೂ ಇರಬಹುದು."

"ನಮ್ದಲ್ದೆ ಇದ್ರೆ ನನ್ನಂಗೇ ಇನ್ಯಾವನೋ ಸುಟ್ಟದ್ದು," ಎಂದ ಅವನು. ಅದೂ ಅವನಿಗೆ ಒಪ್ಪಿಗೆಯಾದಂತೆ ಕಂಡಿತು.

ಶಶಿಕಿರಣ್ ಎಂಬ ಮೆಕ್ಯಾನಿಕ್ ಹಾಸನದಿಂದ ವ್ಯಾನಿನಲ್ಲಿ ಚೀಲಗಳನ್ನು ಹೇರಿಕೊಂಡು ಬಂದಾಗ ಬಿಸಿಲು ನೆತ್ತಿಗೇರಿತ್ತು. ಅವನೂ ಧನ್ಯಾಳೂ ಸೇರಿ ಹಳೆಯದನ್ನೆಲ್ಲ ಟ್ಯಾಂಕಿನಿಂದ ಖಾಲಿ ಮಾಡಿದರು. ಕೃಷ್ಣಪ್ಪನ ಮಗ, ಆಂಬುಲೆನ್ಸಿನ ಡ್ರೈವರು, ಎಲ್ಲರೂ ಒಂದೊಂದು ಕೈ ಹಾಕಿದರು. ಹೊಸ ಚೀಲವೊಂದರ ಹೊಲಿಗೆ ಬಿಚ್ಚಿದಾಗ ಧನ್ಯಾ ಒಂದು ಹಿಡಿಯಷ್ಟನ್ನು ಸ್ಟೀಲ್ ಬಟ್ಟಲಿನಲ್ಲಿ ಹಾಕಿಕೊಂಡು ಬಂದು ಪಾಲಾಕ್ಷನ ಬಲಗೈಯ ಪಕ್ಕದಲ್ಲಿಟ್ಟಳು.

ಅವನು ಬಟ್ಟಲಿಗೆ ಕೈ ಹಾಕಿದ. ರಾಗಿಗಿಂತ ದಪ್ಪ, ಜೋಳಕ್ಕಿಂತ ಸಣ್ಣ ಕಾಳು. ಬೆರಳ ನಡುವೆ ತಿಕ್ಕಿದ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಮತ್ತೆ ಬಟ್ಟಲಿಗೆ ಸುರಿದು ಅಂಗೈ ನೋಡಿಕೊಂಡ. ಗೆರೆಗಳಲ್ಲೆಲ್ಲ ಕರಿ ಇಳಿದಿತ್ತು. ಬಿಳಿ ಹಾಸಿಗೆಯ ಮೇಲೆ ಆ ಕೈಯನ್ನು ಹಾಗೆಯೇ ಬಿಟ್ಟ, ಅಂಗೈ ಮೇಲಾಗಿ.

"ಚೆನ್ನಾಗಿ ಸುಟ್ಟವ್ರೆ," ಎಂದ.

"ಹಾಸಿಗೆ ಮಸಿ ಆಗ್ತದೆ, ತಡೀರಿ," ಎಂದು ನೀಲಾಂಬಿಕೆ ಸೆರಗು ಎತ್ತಿದವಳು, ಅವನ ಮುಖ ನೋಡಿ ಒರೆಸದೆ ಬಿಟ್ಟಳು. ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಅವಳ ಅಂಗೈಯಲ್ಲೂ ಗೆರೆಗಳು ಕಪ್ಪಾಗಿದ್ದವು. ಅದನ್ನು ಅವಳು ಅಲ್ಲಿಯವರೆಗೂ ಗಮನಿಸಿರಲಿಲ್ಲ.

ಧನ್ಯಾ ಬೇಗ ಗೋಡೆಯಾಚೆಗೆ ಹೋದಳು, ಶಶಿಕಿರಣ್ ಕರೆದನೆಂದು ಹೇಳುತ್ತ. ಅವನು ಕರೆದಿರಲಿಲ್ಲ.

ತುಂಬಿಸಿದ ಇದ್ದಿಲನ್ನು ತೊಳೆಯಬೇಕಿತ್ತು. ಮೊದಲು ಪೈಪಿನಿಂದ ಬಂದ ನೀರು ಮಸಿಯಂತೆ ಕಪ್ಪಗಿತ್ತು, ಆಮೇಲೆ ಬೂದು, ಆಮೇಲೆ ತಿಳಿ. ಧನ್ಯಾ ಕೊಳವೆಗೆ ಹಿಡಿದು ಮಾತ್ರೆ ಹಾಕಿದಳು. ಅಲುಗಾಡಿಸಿ, ಹೊರಗಿನ ಬೆಳಕಿಗೆ ತಂದು, ಬಿಳಿ ಹಾಳೆಯ ಮುಂದೆ ಹಿಡಿದಳು. ಬೆಂಚಿನ ಮೇಲಿದ್ದವರೆಲ್ಲ ಎದ್ದು ಅವಳ ಸುತ್ತ ನೆರೆದರು. ಬಣ್ಣ ಬರಲಿಲ್ಲ. ಕಾದರು. ಆಗಲೂ ಬರಲಿಲ್ಲ. ಡಾಕ್ಟರು ಕನ್ನಡಕ ಏರಿಸಿ ನೋಡಿ, "ಶುರು ಮಾಡು" ಅಂದರು.

"ಪಾಲಾಕ್ಷಪ್ಪಂದು ಮೊದ್ಲು," ಎಂದು ಕೃಷ್ಣಪ್ಪ ಯಾರೂ ಕೇಳದಿದ್ದರೂ ಘೋಷಿಸಿದ. "ನಾವು ಕಾಯ್ತೀವಿ."

ಸೂಜಿ ಚುಚ್ಚಿದಾಗ ಪಾಲಾಕ್ಷ ಎಂದಿನಂತೆ ಮುಖ ಆಚೆ ತಿರುಗಿಸಲಿಲ್ಲ. ತನ್ನ ರಕ್ತ ಕೊಳವೆಯಲ್ಲಿ ಏರುವುದನ್ನೂ, ಬಿಳಿ ಎಳೆಗಳೊಳಗೆ ಇಳಿದು ಅವು ಕೆಂಪಾಗುವುದನ್ನೂ, ಸುತ್ತಿಕೊಂಡು ಮತ್ತೆ ತನ್ನ ಕೈಗೇ ಬರುವುದನ್ನೂ ನೋಡುತ್ತಿದ್ದ. ಗೋಡೆಯಾಚೆ ಮೋಟರು ಶುರುವಾಯಿತು. ಒಂದು ಗಂಟೆ ಕಳೆಯುವ ಹೊತ್ತಿಗೆ ಮಾನಿಟರಿನ ಗೆರೆ ಸರಿಹೋಗಿದೆ ಎಂದು ಡಾಕ್ಟರು ನೀಲಾಂಬಿಕೆಗೆ ತೋರಿಸಿದರು. ಅವಳಿಗೆ ಗೆರೆ ಅರ್ಥವಾಗಲಿಲ್ಲ. ಆದರೆ ಗಂಡ ಕಾಲ ಬೆರಳು ಅಲ್ಲಾಡಿಸಿದ್ದು ಕಂಡಿತು. ಹೊದಿಕೆಯೊಳಗೇ ಅವನು ಅದನ್ನು ಎರಡು ಮೂರು ಸಲ ಮಾಡಿದ, ಅವಳಿಗೆ ತೋರಿಸಲೆಂದೇ.

ಎಲ್ಲ ಮುಗಿದು, ಡಾಕ್ಟರು ಮತ್ತೊಮ್ಮೆ ರಕ್ತ ಪರೀಕ್ಷೆ ನೋಡಿ ಮನೆಗೆ ಹೋಗಬಹುದು ಎಂದಾಗ ಸಂಜೆಯಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂರಿಸಿ ನೀಲಾಂಬಿಕೆ ಕೇಳಿಯೇಬಿಟ್ಟಳು:

"ನೆನ್ನೆ ಯಾಕ್ ಕುಡುದ್ರಿ? ದಿಟ ಯೇಳಿ."

ಪಾಲಾಕ್ಷ ಹೊರಗೆ ನೋಡುತ್ತಿದ್ದ. ರಸ್ತೆಯ ಪಕ್ಕದ ಅಂಗಡಿಗಳಲ್ಲಿ ದೀಪ ಹತ್ತುತ್ತಿದ್ದವು.

"ಮೊದ್ಲನೇದು ಬಾಯಾರಿಕೆಗೆ," ಎಂದ. "ಎರಡ್ನೇದು... ಆದದ್ದಾಗ್ಲಿ ಅಂತ."

ಅವನು ಅವಳ ಕಡೆ ತಿರುಗಿದ.

"ಬೆಳಿಗ್ಗೆ ಆ ಮಗೀಗೆ ನೀನು ಬಯ್ಯೋದು ಕೇಳುಸ್ತು ಕಣೆ. ಕಣ್ ಮುಚ್ಕಂಡಿದ್ದೆ, ಆದ್ರೆ ಎಲ್ಲಾ ಕೇಳುಸ್ತು. ನೀನು ಬೀದೀಲಿ ನಿಂತು ಯಾರಿಗೂ ಗಂಟ್ಲು ಎತ್ತಿದೋಳಲ್ಲ. ನನ್ಗೋಸ್ಕರ ಇಷ್ಟು ಮಂದಿ ಮುಂದೆ ಕೂಗಾಡ್ತಾವಳಲ್ಲ ಅನ್ನುಸ್ತು. ಆಗ್ಲೇ ಎದುರ್ಕೆ ಆಯ್ತು, ಸತ್ತೋದ್ರೆ ಅಂತ. ಅಲ್ಲೀಗಂಟ ಆಗಿರ್ಲಿಲ್ಲ."

"ಇನ್ಮೇಲೆ ಬಾಯಾರಿದ್ರೆ ನಂಗೆ ಯೇಳಿ."

"ಯೇಳಿದ್ರೆ ಏನ್ ಕೊಟ್ಟೀಯೆ?"

"ಒಂದ್ ಚೂರು ಐಸು ಕೊಟ್ಟೇನು. ನಾಗಲಕ್ಷ್ಮಮ್ಮ ಯೇಳವ್ಳೆ, ಬಾಯಲ್ಲಿ ಇಟ್ಕಂಡು ಚೀಪ್ಬೈದಂತೆ. ನಾನೂ ನಿಮ್ ಜೊತೆ ಚೀಪ್ತೀನಿ."

ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಅವಳು ಆ ನಗು ಕೇಳಿದ್ದು.

ಗುರುವಾರ ಅವರು ಮತ್ತೆ ಹೋದಾಗ ಪಕ್ಕದ ಹಾಸಿಗೆಗೆ ಹೊಸಬರೊಬ್ಬರು ಬಂದಿದ್ದರು. ಗುರುಸಿದ್ದಮ್ಮ ಎಂದು ಹೆಸರು, ಹರದನಹಳ್ಳಿಯವರು. ಮೊದಲನೆಯ ದಿನ. ಮಿಶನ್ನು ಕೂಗಿದಾಗಲೆಲ್ಲ ಆಕೆ ಬೆಚ್ಚುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಅವರ ಮಗಳು ಸಿಂಧು ತಾಯಿಗಿಂತ ಹೆಚ್ಚು ಹೆದರಿದ್ದಳು. ನೀಲಾಂಬಿಕೆ ಗಂಡನಿಗೆ ಹೊದಿಕೆ ಹೊದಿಸಿ, ಕೂರಲು ಸ್ಟೂಲು ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಾಸಿಗೆಯಿಂದ ಗಂಡನ ಮಾತು ಕೇಳಿಸಿತು. ತನ್ನೊಡನೆಯಲ್ಲ, ಪಕ್ಕದವರೊಡನೆ.

"ಎದುರ್ಕೋಬ್ಯಾಡಿ ಅಕ್ಕ. ಅದು ಸುಮ್ನೆ ಕೂಗ್ತದೆ, ಆ ಮಗು ಬಂದು ಸರಿ ಮಾಡ್ತಾಳೆ. ಆ ಸದ್ದು ಕೇಳುಸ್ತಾ ಅದಾ, ಗ್ವಾಡೆ ಕಡೆಯಿಂದ? ಅದು ನೀರು. ಯಾತರೊಳಗಿಂದ ಬತ್ತಾ ಅದೆ ಗೊತ್ತಾ?"

ಗುರುಸಿದ್ದಮ್ಮ ತಲೆ ಅಲ್ಲಾಡಿಸಿದರು, ಗೊತ್ತಿಲ್ಲವೆಂದು. ಪಾಲಾಕ್ಷ ದಿಂಬಿನ ಮೇಲೆ ಸ್ವಲ್ಪ ಮೇಲಕ್ಕೆ ಸರಿದು ಹೇಳಲು ಶುರುಮಾಡಿದ. ಚಿಪ್ಪಿನಿಂದ ಶುರುಮಾಡಿದ್ದ, ತೀರ ಮೊದಲಿನಿಂದ. ಇದು ಬೇಗ ಮುಗಿಯುವಂಥದಲ್ಲ ಎಂದು ನೀಲಾಂಬಿಕೆಗೆ ಗೊತ್ತಾಯಿತು. ಅವಳು ಸ್ಟೂಲನ್ನು ಅಲ್ಲೇ ಬಿಟ್ಟು, ಸಿಂಧುವಿನ ಭುಜ ಮುಟ್ಟಿ ಹೇಳಿದಳು:

"ಬಾ ಮಗ, ಇವ್ರು ಮಾತಾಡ್ಕಳ್ಳಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸುತ್ತೆ ನೀನು. ಎದುರ್ಗಡೆ ಓಟ್ಲಲ್ಲಿ ತಟ್ಟೆ ಇಡ್ಲಿ ಚೆನ್ನಾಗಿರ್ತದೆ."